ಬೆಲೆ ಬೆಳೆಯಾದದ್ದು ಎಲ್ಲಿ?

ಆಧಾರ್ ಸಂಖ್ಯೆಯಲ್ಲಿ ಹನ್ನೆರಡು ಅಂಕಿಗಳಿವೆ. ಆದರೆ ಗುರುತಿಗೆ ಬಳಕೆಯಾಗುವುದು ಮೊದಲ ಹನ್ನೊಂದು ಮಾತ್ರ. ಕೊನೆಯ ಅಂಕಿ ಆ ಹನ್ನೊಂದರ ಕಾವಲಿಗೆ ಕೂತದ್ದು. ಮುಂದಿನ ಅಂಕಿಗಳಿಂದಲೇ ಲೆಕ್ಕ ಹಾಕಿ ಅದನ್ನು ತೆಗೆಯುತ್ತಾರೆ. ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಅದು. ಅರ್ಜಿ ತುಂಬುವಾಗ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರು ಅಲ್ಲೇ ತಡೆಯುತ್ತದೆ.

ಇಂಥ ಕಾವಲು ಹೊಸದಲ್ಲ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವವರು ಕೃತಿಯ ಕೊನೆಗೆ ‘ಇಷ್ಟು ಗ್ರಂಥ’ ಎಂದು ಬರೆಯುವ ರೂಢಿ ಇತ್ತು. ಅಲ್ಲಿ ಗ್ರಂಥ ಎಂದರೆ ಪುಸ್ತಕವಲ್ಲ, 32 ಅಕ್ಷರಗಳ ಒಂದು ಅಳತೆ. ಬರೆದವನ ಕೂಲಿಗೆ ಅದೇ ಲೆಕ್ಕ, ಓದುವವನ ನಂಬಿಕೆಗೂ ಅದೇ ಲೆಕ್ಕ. ಎಣಿಕೆ ಕಡಿಮೆ ಬಂದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಎಂದು ಅರ್ಥ. ವೇದ ಹೇಳುವವರು ಪದಗಳನ್ನು ಹಿಂದುಮುಂದಾಗಿ ಹೆಣೆದು ಜಟೆ, ಘನ ಎಂದು ಮತ್ತೆ ಮತ್ತೆ ಹೇಳುವುದರ ಹಿಂದೆಯೂ ಒಂದು ಸ್ವರವೂ ಜಾರಬಾರದು ಎಂಬ ಎಚ್ಚರವೇ ಇದೆ.

ಇಂಟರ್‌ನೆಟ್ಟಿನಲ್ಲಿ ಓಡಾಡುವ ಪ್ರತಿಯೊಂದು ಪ್ಯಾಕೆಟ್ಟಿನ ಹಣೆಯ ಮೇಲೂ ಹೀಗೊಂದು ಎಣಿಕೆ ಇರುತ್ತದೆ. ಅದರ ಹೆಸರು ಚೆಕ್‌ಸಮ್. ಹೈದರಾಬಾದಿನ ಕಾಚಿಗುಡದ ಒಂದು ಸಣ್ಣ ಡಿಟಿಪಿ ಕೋಣೆಯಲ್ಲಿ ಆ ಎಣಿಕೆ ತಪ್ಪಿದ್ದರಿಂದ, ಅಥವಾ ಎಣಿಸಬೇಕಾದವರು ಎಣಿಸದೆ ಬಿಟ್ಟದ್ದರಿಂದ, ಒಬ್ಬ ಹೆಣ್ಣುಮಗಳ ಸಂಬಳ ಮೂರು ತಿಂಗಳು ಕಡಿತವಾಯಿತು.

ಕಾಚಿಗುಡ ಕನ್ನಡಿಗರಿಗೆ ಹೊಸ ಜಾಗವೇನಲ್ಲ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವುದು ಅಲ್ಲಿಯೇ; ಬೆಂಗಳೂರಿಗೆ ಹೊರಡುವ ರೈಲು ನಿಲ್ಲುವುದೂ ಅಲ್ಲಿಯೇ. ಕಲಬುರಗಿ, ಬೀದರ, ರಾಯಚೂರು, ಯಾದಗಿರಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. 1948ರವರೆಗೆ ಎಲ್ಲರದೂ ಒಂದೇ ಸಂಸ್ಥಾನ, 1956ರವರೆಗೆ ಒಂದೇ ರಾಜ್ಯ. ಆಮೇಲೆ ಗಡಿ ಬಂತು, ಬಸ್ಸು ರೈಲು ನಿಲ್ಲಲಿಲ್ಲ.

ಡಿಟಿಪಿ ಕೋಣೆಯ ಮಾಲಕರು ಕಲಬುರಗಿ ಕಡೆಯವರು. ಕನ್ನಡ, ತೆಲುಗು ಎರಡರಲ್ಲೂ ಕೆಲಸ: ಮದುವೆ ಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಬೀಜ ಗೊಬ್ಬರದ ಕೈಪಿಡಿ, ಧಾನ್ಯದ ದರಪಟ್ಟಿ. ಟೈಪಿಂಗ್ ಮಾಡುತ್ತಿದ್ದವರು ಸೇಡಂ ಕಡೆಯ ಒಬ್ಬ ಹೆಣ್ಣುಮಗಳು. ಅವರು ಹೊಡೆದ ಫೈಲು ಗೋಡೆಯ ಮೂಲೆಯಲ್ಲಿದ್ದ ಸ್ಟೋರೇಜ್ ಪೆಟ್ಟಿಗೆಗೆ ಹೋಗುತ್ತಿತ್ತು. ತಿದ್ದುವ ಹಿರಿಯರು ತಮ್ಮ ಲ್ಯಾಪ್‌ಟಾಪಿನಿಂದ ಅದನ್ನು ಎಳೆದುಕೊಂಡು ನೋಡುತ್ತಿದ್ದರು. ತಪ್ಪು ಸಿಕ್ಕರೆ ಕೆಂಪು ಗೆರೆ, ತಿಂಗಳ ಕೊನೆಗೆ ತಪ್ಪಿಗಿಷ್ಟು ಎಂದು ಕಡಿತ. ಅಲ್ಲಿನ ಪದ್ಧತಿ ಹಾಗಿತ್ತು.

ಲ್ಯಾಪ್‌ಟಾಪ್ ಹೊಸದು, ತೆಳ್ಳಗಿನದು. ತೆಳ್ಳಗಿನವುಗಳಲ್ಲಿ ಈಗ ನೆಟ್‌ವರ್ಕ್ ಕೇಬಲ್ ಚುಚ್ಚುವ ತೂತೇ ಇರುವುದಿಲ್ಲ. ಹಳೆಯ ಕಟ್ಟಡದ ದಪ್ಪ ಗೋಡೆ ದಾಟಿ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ಸಿಕಂದರಾಬಾದಿನ ಪಾರ್ಕ್‌ಲೇನಿಗೆ ಹೋಗಿ, ಕಂಪ್ಯೂಟರ್ ಸಾಮಾನಿಗೆ ಊರೆಲ್ಲ ಹೋಗುವ ಸಿಟಿಸಿಯಲ್ಲಿ, ಒಂದು ಯುಎಸ್‌ಬಿ ಅಡಾಪ್ಟರ್ ತಂದರು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿಗೆ ಕೇಬಲ್. ಅದೇ ತಿಂಗಳು, ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ ಫೈರ್‌ವಾಲ್ ಮಾಡಿ ಕೂರಿಸಲಾಯಿತು. ಎರಡೂ ಒಂದೇ ತಿಂಗಳು ಬಂದದ್ದು ಮುಂದಿನ ಗೊಂದಲಕ್ಕೆ ದಾರಿಯಾಯಿತು.

ಮೊದಲು ಕಂಡದ್ದು ಹೊರಗಿನ ತೊಂದರೆ. ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲು ಇಳಿಸಲು ಹೋದರೆ ನಡುವೆ ಕಡಿದುಹೋಗುತ್ತಿತ್ತು. ಬ್ರೌಸರು ‘ಸುರಕ್ಷಿತ ಸಂಪರ್ಕ ವಿಫಲ’ ಎನ್ನುತ್ತಿತ್ತು, ಪುಟ ಮತ್ತೆ ತೆರೆದರೆ ಬರುತ್ತಿತ್ತು. ಪಿಂಗ್ ಮಾಡಿದರೆ ಎಲ್ಲ ಸರಿ. ಎಲ್ಲರೂ ಫೈರ್‌ವಾಲಿನತ್ತ ಬೆರಳು ತೋರಿಸಿದರು. ‘ಅದನ್ನ ತಗದು ಹಾಕ್ರಿ, ಮೊದ್ಲ ಚೊಲೋ ಇತ್ತು’ ಎಂದರು ಮಾಲಕರು.

ಒಳಗಿನ ತೊಂದರೆ ಯಾರಿಗೂ ತೊಂದರೆಯಾಗಿ ಕಾಣಲಿಲ್ಲ. ಅದು ಟೈಪಿಂಗ್ ತಪ್ಪಿನ ವೇಷದಲ್ಲಿತ್ತು. ಸಾವಿರಾರು ಸಾಲುಗಳ ಒಂದು ದರಪಟ್ಟಿಯಲ್ಲಿ ತೊಗರಿಯ ಮುಂದೆ 7,150 ಇರಬೇಕಾದಲ್ಲಿ 3,150 ಬಂದಿತ್ತು. ಇನ್ನೊಂದು ಕಡೆ 1,850 ಎಂಬುದು 9,850 ಆಗಿತ್ತು. ‘ಬೆಲೆ’ ಎಂಬ ತಲೆಬರಹ ಒಂದು ಪುಟದಲ್ಲಿ ‘ಬೆಳೆ’ ಆಗಿತ್ತು. ಮತ್ತೆರಡು ಕಡೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕ. ತಿದ್ದುವ ಹಿರಿಯರು ಎಲ್ಲವನ್ನೂ ಗುರುತು ಹಾಕಿಟ್ಟರು.

ಟೈಪಿಂಗ್ ಮಾಡಿದ ಹೆಣ್ಣುಮಗಳು ಎರಡು ತಿಂಗಳು ಸುಮ್ಮನಿದ್ದರು. ಮೂರನೇ ತಿಂಗಳು ಕೀಬೋರ್ಡನ್ನೇ ಎತ್ತಿಕೊಂಡು ಬಂದು ಮಾಲಕರ ಮೇಜಿನ ಮೇಲಿಟ್ಟರು.

‘ನೋಡ್ರಿ ಸಾಹೇಬ್ರ, ಏಳ್ ಎಲ್ಲೈತಿ, ಮೂರ್ ಎಲ್ಲೈತಿ? ನಡುವ ಮೂರ್ ಮನಿ ಅದಾವ. ನಂದು ಬೆರಳ್ ಜಾರಿದ್ರ ಆರಕ್ಕ ಜಾರ್ಬೇಕು, ಎಂಟಕ್ಕ ಜಾರ್ಬೇಕು. ಮೂರಕ್ಕ ಹೆಂಗ ಹೋಗ್ತದ?’

‘ಮತ್ತ ಕಂಪ್ಯೂಟರ್ ತಾನಾಗೇ ತಪ್ಪ್ ಬರೀತದೇನವಾ?’ ಎಂದರು ಮಾಲಕರು.

ಫೈರ್‌ವಾಲ್ ತೆಗೆಯಲು ಬಂದಿದ್ದ ರಾಯಚೂರಿನ ಹುಡುಗ ಅಲ್ಲೇ ಇದ್ದ. ನಾಲ್ಕಾರು ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ಅವನ ಕೆಲಸ. ಆಕೆಯ ಮಾತು ಅವನಿಗೆ ಹಿಡಿಸಿತು. ‘ಅಕ್ಕಾ, ಆ ಫೈಲ್ ನಿಮ್ಮ ಮಷಿನ್‌ದಾಗ ತಗದು ತೋರಸ್ರಿ’ ಎಂದ. ತೆಗೆದರು. ಅಲ್ಲಿ 7,150 ಇತ್ತು. ‘ಬೆಲೆ’ ಬೆಲೆಯಾಗಿಯೇ ಇತ್ತು. ಕಪ್ಪು ಚೌಕ ಒಂದೂ ಇರಲಿಲ್ಲ.

ಆ ಚೌಕಗಳೇ ಮೊದಲ ದಿನವೇ ಎಲ್ಲರ ಕಣ್ಣು ತೆರೆಸಬೇಕಿತ್ತು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಅಕ್ಷರವೂ ಫೈಲಿನಲ್ಲಿ ಮೂರು ಬೈಟ್ ಹಿಡಿಯುತ್ತದೆ. ಮೂರರಲ್ಲಿ ಮೊದಲನೆಯದು ಕೆಟ್ಟರೆ ಅನೇಕ ವೇಳೆ ಅದು ಯಾವ ಅಕ್ಷರವೂ ಆಗುವುದಿಲ್ಲ, ಚೌಕ ಬರುತ್ತದೆ. ಅದನ್ನು ಯಾವ ಕೀಲಿ ಒತ್ತಿದರೂ ಸಾಮಾನ್ಯವಾಗಿ ಹೊಡೆಯಲಾಗದು. ಕೊನೆಯ ಬೈಟ್ ಕೆಟ್ಟರೆ ಒಂದು ಅಕ್ಷರ ಇನ್ನೊಂದು ಅಕ್ಷರವಾಗುತ್ತದೆ, ಓದುವವನಿಗೆ ಅನುಮಾನವೇ ಬರುವುದಿಲ್ಲ. ‘ಲ’ದ ಸಂಖ್ಯೆ 3250, ‘ಳ’ದ್ದು 3251. ಇವೆರಡಕ್ಕೂ ಒಂದೇ ಬಿಟ್ ವ್ಯತ್ಯಾಸ. ‘ಕ’ 3221, ‘ಗ’ 3223. ಅಲ್ಲೂ ಒಂದೇ ಬಿಟ್. ಒಂದು ಬಿಟ್ ಮಗುಚಿದರೆ ‘ಕಂಡ’ ಎಂಬುದು ‘ಗಂಡ’ ಆದೀತು. 7ರ ಸಂಕೇತ 55, 3ರದು 51. ನಡುವಿನ ಅಂತರ ನಾಲ್ಕು, ಅಂದರೆ ಮತ್ತೆ ಒಂದೇ ಬಿಟ್. 1 ಮತ್ತು 9ರ ನಡುವೆ ಎಂಟು, ಅದೂ ಒಂದೇ ಬಿಟ್. ಕೀಬೋರ್ಡಿನಲ್ಲಿ ದೂರದೂರ ಇರುವ ಈ ಅಂಕಿಗಳು ಯಂತ್ರದ ಒಳಗೆ ಪಕ್ಕದ ಮನೆಯವು.

ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ಬಗೆಯ ತರ್ಕ ಚೆನ್ನಾಗಿ ಗೊತ್ತು. ಓಲೆಗರಿಯ ಪ್ರತಿಯಲ್ಲಿ ‘ಪ’ ಇರಬೇಕಾದಲ್ಲಿ ‘ವ’ ಕಂಡರೆ ಅದು ಕಣ್ಣಿನ ತಪ್ಪು, ಬರಹದ ರೂಪ ನೋಡಿ ಮೋಸಹೋದದ್ದು. ‘ಳ’ ಇರಬೇಕಾದಲ್ಲಿ ‘ಲ’ ಬಂದರೆ ಕಿವಿಯ ಅಥವಾ ನಾಲಿಗೆಯ ತಪ್ಪಿರಬಹುದು, ಯಾರೋ ಓದಿ ಹೇಳುತ್ತಿದ್ದರು, ಇವನು ಕೇಳಿ ಬರೆದ. ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವಿನದು ಬಿಟ್ಟುಹೋಗಿದ್ದರೆ ಕಣ್ಣು ಜಿಗಿದದ್ದು. ತಪ್ಪು ಯಾವ ಜಾತಿಯದು ಎಂದು ನೋಡಿದರೆ ಅದು ಯಾವ ಹಂತದಲ್ಲಿ ಆಯಿತು ಎಂದು ಊಹಿಸಬಹುದು. ದರಪಟ್ಟಿಯ ‘ಬೆಳೆ’ ಮಾತ್ರ ಎರಡು ಕಡೆಗೂ ಸಲ್ಲುವಂಥದ್ದು. ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಲ’ವೂ ‘ಳ’ವೂ ಒಂದೇ ಕೀಲಿಯಲ್ಲಿವೆ, ಶಿಫ್ಟ್ ಒತ್ತಿದರೆ ‘ಳ’. ಅದು ಬೆರಳಿನದೂ ಆಗಿರಬಹುದು, ಬಿಟ್ಟಿನದೂ ಆಗಿರಬಹುದು. ಏಳು ಮೂರಾದದ್ದಕ್ಕೆ ಬೆರಳನ್ನು ದೂರುವುದು ಕಷ್ಟ.

ಹುಡುಗ ಮೊದಲು ಮಾಡಿದ್ದು ಸರಳವಾದ ಕೆಲಸ. ಒಂದು ದೊಡ್ಡ ಫೈಲನ್ನು ಸ್ಟೋರೇಜ್ ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಐದು ಸಲ ನಕಲು ಮಾಡಿ, ಪ್ರತಿ ನಕಲಿನ ಬೆರಳಚ್ಚಿನಂಥ ಮೊತ್ತ ತೆಗೆದ. ಕೆಲವು ಕೂಡಿದವು, ಕೆಲವು ಕೂಡಲಿಲ್ಲ. ಕೂಡದವುಗಳಲ್ಲಿ ತಪ್ಪು ಒಂದೇ ಜಾಗದಲ್ಲಿರಲಿಲ್ಲ. ಅಡಾಪ್ಟರ್ ಕಿತ್ತು, ಪೆಟ್ಟಿಗೆಯ ಪಕ್ಕದಲ್ಲೇ ಕೂತು ವೈಫೈನಲ್ಲಿ ನಕಲು ಮಾಡಿದ. ಐದೂ ಸರಿ. ಅಡಾಪ್ಟರನ್ನು ಆಕೆಯ ಡೆಸ್ಕ್‌ಟಾಪಿಗೆ ಚುಚ್ಚಿದ. ಅಲ್ಲಿಯೂ ತಪ್ಪು ಶುರು. ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ನಡುವೆ ಇದ್ದದ್ದು ಸ್ವಿಚ್ ಮಾತ್ರ. ಆ ದಾರಿಯಲ್ಲಿ ಫೈರ್‌ವಾಲ್ ಇರಲೇ ಇಲ್ಲ. ಫೈರ್‌ವಾಲಿನ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ಅಡಾಪ್ಟರ್ ಕೆಟ್ಟಿದೆ, ಸರಿ. ಆದರೆ ಇದನ್ನು ಹಿಡಿಯಲೆಂದೇ ಚೆಕ್‌ಸಮ್ ಇದೆಯಲ್ಲ, ಅದೇಕೆ ಹಿಡಿಯಲಿಲ್ಲ? ಇದು ಅರ್ಥವಾಗಬೇಕಾದರೆ ಎಣಿಕೆಯ ಕೆಲಸ ಯಾರ ಕೈಯಲ್ಲಿದೆ ಎಂದು ನೋಡಬೇಕು.

ಲೆಕ್ಕ ಸುಲಭದ್ದು. ಪ್ಯಾಕೆಟ್ಟಿನ ಮಾಹಿತಿಯನ್ನು ಹದಿನಾರು ಬಿಟ್ಟುಗಳ ತುಂಡುಗಳಾಗಿ ಮಾಡಿ, ಕಿರಾಣಿ ಚೀಟಿಯ ಹಾಗೆ ಎಲ್ಲವನ್ನೂ ಕೂಡಿಸುತ್ತಾರೆ. ಮೇಲೆ ಉಕ್ಕಿದ ದಶಕವನ್ನು ಮತ್ತೆ ಕೆಳಗೆ ತಂದು ಸೇರಿಸುತ್ತಾರೆ. ಬಂದ ಮೊತ್ತವನ್ನು ತಿರುವಿ ಬರೆದು ಕಳಿಸುತ್ತಾರೆ. ತಲುಪಿದವರು ಮತ್ತೆ ಕೂಡಿಸುತ್ತಾರೆ; ಹೊಂದದಿದ್ದರೆ ಪ್ಯಾಕೆಟ್ಟನ್ನು ಬಿಸಾಡುತ್ತಾರೆ, ಕಳಿಸಿದವರು ಮತ್ತೆ ಕಳಿಸುತ್ತಾರೆ. ಇದನ್ನು ಬೇಗ ಬೇಗ ಕೂಡಿಸುವ ಉಪಾಯಗಳನ್ನು ಹೇಳುವ ಒಂದು ಕೈಪಿಡಿಯಂಥ ದಾಖಲೆ 1988ರಲ್ಲೇ ಬಂದಿದೆ. ಒಂದು ಬಿಟ್ ಮಗುಚಿದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಎರಡು ತುಂಡುಗಳು ಜಾಗ ಬದಲಿಸಿದರೆ ಹಿಡಿಯುವುದಿಲ್ಲ, ಯಾವ ಕ್ರಮದಲ್ಲಿ ಕೂಡಿಸಿದರೂ ಮೊತ್ತ ಒಂದೇ. ಆ ಮಟ್ಟಿಗೆ ಆಧಾರ್‌ನ ಕೊನೆಯ ಅಂಕಿ ಇದಕ್ಕಿಂತ ಚುರುಕು.

ಒಂದೊಂದೇ ಪ್ಯಾಕೆಟ್ಟನ್ನು ಕೂಡಿಸುತ್ತ ಕೂತರೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿಗೆ ಬೇರೆ ಕೆಲಸಕ್ಕೆ ಬಿಡುವಿರುವುದಿಲ್ಲ ಎಂದು, ಆ ಕೂಲಿಯನ್ನು ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸುವ ಪದ್ಧತಿ ಬಂತು. ಅದೇ ಚೆಕ್‌ಸಮ್ ಆಫ್‌ಲೋಡಿಂಗ್. ಕಳಿಸುವಾಗ ಮೊತ್ತದ ಜಾಗವನ್ನು ಅರ್ಧಂಬರ್ಧ ಬಿಟ್ಟು ಕಾರ್ಡಿಗೆ ಕೊಡುತ್ತಾರೆ, ಅದು ತುಂಬುತ್ತದೆ. ಬರುವಾಗ ಕಾರ್ಡೇ ಕೂಡಿಸಿ ನೋಡಿ ‘ಸರಿಯಿದೆ’ ಎಂದು ಮುದ್ರೆ ಒತ್ತಿ ಒಳಗೆ ಕಳಿಸುತ್ತದೆ. ಮುದ್ರೆ ಕಂಡ ಮೇಲೆ ಒಳಗಿನವರು ಮತ್ತೆ ಎಣಿಸುವುದಿಲ್ಲ.

ಕಳಿಸುವ ಕಡೆ ಇದು ಒಂದು ವಿಚಿತ್ರ ಸುಳ್ಳುಸಾಕ್ಷಿಯನ್ನು ಹುಟ್ಟಿಸುತ್ತದೆ. ಹುಡುಗ ಲ್ಯಾಪ್‌ಟಾಪಿನಲ್ಲೇ ವೈರ್‌ಶಾರ್ಕ್ ಹಾಕಿ ಪ್ಯಾಕೆಟ್ ಹಿಡಿದು, ಚೆಕ್‌ಸಮ್ ಪರೀಕ್ಷೆ ಚಾಲೂ ಮಾಡಿದಾಗ ಹೊರಗೆ ಹೋಗುವ ಪ್ಯಾಕೆಟ್ಟುಗಳ ಮೊತ್ತ ಸಾಲುಸಾಲಾಗಿ ತಪ್ಪು ತೋರಿಸಿತು. ತಪ್ಪಲ್ಲ ಅದು. ವೈರ್‌ಶಾರ್ಕ್ ನೋಡುವುದು ಪ್ಯಾಕೆಟ್ ಕಾರ್ಡಿಗೆ ಹೋಗುವ ಮೊದಲು, ಮೊತ್ತ ತುಂಬುವ ಮೊದಲು. ಈ ಕಾರಣಕ್ಕೇ ಆ ತಂತ್ರಾಂಶದಲ್ಲಿ ಟಿಸಿಪಿ ಮೊತ್ತದ ಪರೀಕ್ಷೆಯನ್ನು ಮೊದಲಿನಿಂದಲೇ ಆರಿಸಿಟ್ಟಿರುತ್ತಾರೆ. ನಿಜ ತಿಳಿಯಬೇಕಾದರೆ ಆಚೆ ದಡದಲ್ಲಿ ನಿಂತು ನೋಡಬೇಕು. ಅವನು ಫೈರ್‌ವಾಲಿನ ಮೇಲೆ ಕೂತು ಅದೇ ಪ್ಯಾಕೆಟ್ಟುಗಳನ್ನು ಹಿಡಿದ. ಎಲ್ಲ ಸರಿಯಾಗಿದ್ದವು.

ಅಲ್ಲಿ ತಪ್ಪಿದ್ದರೆ ಫೈರ್‌ವಾಲ್ ಬಿಡುತ್ತಲೂ ಇರಲಿಲ್ಲ. ಲಿನಕ್ಸಿನಲ್ಲಿ ಸಂಪರ್ಕಗಳ ಜಾಡು ಹಿಡಿಯುವ ಭಾಗ ಬಂದ ಪ್ಯಾಕೆಟ್ಟಿನ ಚೆಕ್‌ಸಮ್ ನೋಡುತ್ತದೆ. ಕೂಡದಿದ್ದರೆ ‘ಅಸಿಂಧು’ ಎಂದು ಬರೆದಿಡುತ್ತದೆ. ಅಸಿಂಧುವಾದದ್ದನ್ನು ಸದ್ದಿಲ್ಲದೆ ಬಿಸಾಡಿ ಎಂಬ ನಿಯಮ ಬಹಳಷ್ಟು ಫೈರ್‌ವಾಲುಗಳಲ್ಲಿರುತ್ತದೆ. ಕಾರ್ಡು ಮೊತ್ತ ತುಂಬದೆ ಕಳಿಸಿದ ಕಡೆಗಳಲ್ಲಿ ಹೀಗೆ ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ. ಪಿಂಗಿನ ಮೊತ್ತವನ್ನು ಸಾಮಾನ್ಯವಾಗಿ ಕಾರ್ಡಿಗೆ ಬಿಡದೆ ಕಂಪ್ಯೂಟರೇ ತುಂಬಿರುತ್ತದೆ. ಬೈಯಿಸಿಕೊಳ್ಳುವುದು ಫೈರ್‌ವಾಲು.

ಉಳಿದದ್ದು ಬರುವ ಕಡೆ. ಹುಡುಗ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಬ್ಬಿಸಿದ. ಇಥ್‌ಟೂಲ್ ಎಂಬ ಸಾಧನದಿಂದ, ಬರುವ ಪ್ಯಾಕೆಟ್ಟುಗಳ ಎಣಿಕೆಯನ್ನು ಕಾರ್ಡಿನ ಕೈಯಿಂದ ಕಿತ್ತು ಕಂಪ್ಯೂಟರಿಗೆ ಕೊಟ್ಟ. ವಿಂಡೋಸಿನಲ್ಲಾದರೆ ಅಡಾಪ್ಟರಿನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಟಿಸಿಪಿ ಚೆಕ್‌ಸಮ್ ಆಫ್‌ಲೋಡ್ ಎಂಬ ಸಾಲನ್ನು ಡಿಸೇಬಲ್ ಮಾಡಬೇಕು. ಆಮೇಲೆ ಅದೇ ಫೈಲನ್ನು ಮತ್ತೆ ನಕಲು ಮಾಡಿದ. ಐದೂ ನಕಲು ಸರಿ. ಆದರೆ ‘ಚೆಕ್‌ಸಮ್ ತಪ್ಪಿದ ಪ್ಯಾಕೆಟ್ಟುಗಳು’ ಎಂಬ ಲೆಕ್ಕದ ಮುಂದೆ, ಅಲ್ಲಿಯವರೆಗೆ ಸೊನ್ನೆ ಇದ್ದದ್ದು, ಏರುತ್ತ ಹೋಯಿತು. ಹಾಳಾದ ಪ್ಯಾಕೆಟ್ಟುಗಳು ಮೊದಲಿನ ಹಾಗೆಯೇ ಬರುತ್ತಿದ್ದವು. ಈಗ ಯಾರೋ ಎಣಿಸಿ ನೋಡುತ್ತಿದ್ದರು, ಅಷ್ಟೆ.

ಅಂದರೆ ಕೇಬಲ್ಲಿನಿಂದ ಪ್ಯಾಕೆಟ್ ಚೆನ್ನಾಗಿಯೇ ಬರುತ್ತಿತ್ತು. ಅಡಾಪ್ಟರ್ ಎಣಿಸಿ ಮುದ್ರೆ ಒತ್ತುತ್ತಿತ್ತು. ಮುದ್ರೆ ಬಿದ್ದ ಮೇಲೆ, ಲ್ಯಾಪ್‌ಟಾಪಿನ ಒಳಗೆ ಹೋಗುವ ಹಾದಿಯಲ್ಲಿ ಹಾಳಾಗುತ್ತಿತ್ತು. ಕೇಬಲ್ಲಿನ ಓಟಕ್ಕೆ ಅದರದೇ ತಪಾಸಣೆ ಇದೆ, ಯುಎಸ್‌ಬಿ ತಂತಿಗೂ ಅದರದೇ ತಪಾಸಣೆ ಇದೆ. ಎರಡರ ನಡುವೆ, ಅಡಾಪ್ಟರಿನ ಮೆಮೊರಿಯಲ್ಲಿ ಪ್ಯಾಕೆಟ್ ಕೂತಿರುವ ಚಣದಲ್ಲಿ, ಯಾರ ಕಾವಲೂ ಇಲ್ಲ.

ಹೊರಗಿನ ಪುಟಗಳು ಕಡಿದುಹೋಗುತ್ತಿದ್ದದ್ದಕ್ಕೂ ಕಾರಣ ಇದೇ. ಎನ್‌ಕ್ರಿಪ್ಟ್ ಆದ ಸಂಪರ್ಕದಲ್ಲಿ ಬ್ರೌಸರು ತಾನೇ ಇನ್ನೊಂದು ಬಿಗಿಯಾದ ಪರೀಕ್ಷೆ ಮಾಡುತ್ತದೆ. ಒಂದು ಬಿಟ್ ಬದಲಾದರೂ ಒಪ್ಪದೆ ಸಂಪರ್ಕ ಕಡಿಯುತ್ತದೆ. ಕೋಣೆಯ ಒಳಗಿನ ಹಳೆಯ ಪೆಟ್ಟಿಗೆಗೆ ಅಂಥ ಪರೀಕ್ಷೆ ಇರಲಿಲ್ಲ. ಗಲಾಟೆ ಮಾಡಿದ ಕಡೆ ಮಾಹಿತಿ ಸುರಕ್ಷಿತವಾಗಿತ್ತು. ಸುಮ್ಮನಿದ್ದ ಕಡೆ ಏಳು ಮೂರಾಗುತ್ತಿತ್ತು.

ಇದು ಕಾಚಿಗುಡದ ಒಂದು ಕೋಣೆಯ ವಿಚಿತ್ರವಲ್ಲ. ಡೆಲ್ ಕಂಪನಿಯ ಒಂದು ಲ್ಯಾಪ್‌ಟಾಪ್ ಡಾಕ್‌ನೊಳಗಿನ ಯುಎಸ್‌ಬಿ ನೆಟ್‌ವರ್ಕ್ ಚಿಪ್ ಬರುವ ಪ್ಯಾಕೆಟ್ಟುಗಳನ್ನು ಹೀಗೆಯೇ ಕೆಡಿಸುತ್ತಿದ್ದದ್ದು 2017ರಲ್ಲಿ ಲಿನಕ್ಸ್ ಕರ್ನೆಲ್‌ನವರ ಮುಂದೆ ಬಂತು. ಮೂಲ ಕಾರಣ ಸಿಗದೆ, ಆ ಡಾಕ್ ಕಂಡರೆ ಬರುವ ಚೆಕ್‌ಸಮ್ ಆಫ್‌ಲೋಡಿಂಗ್ ಆರಿಸಿಬಿಡುವ ತಿದ್ದುಪಡಿ ಹಾಕಿದರು. ಕೆಲವು ತಿಂಗಳ ಮೇಲೆ ಇನ್ನೊಂದು ತಿದ್ದುಪಡಿ ಬಂತು: ಹಲವು ಪ್ಯಾಕೆಟ್ಟುಗಳನ್ನು ಒಂದೇ ಗಂಟು ಕಟ್ಟಿ ಯುಎಸ್‌ಬಿ ಮೇಲೆ ಕಳಿಸುವುದನ್ನು ನಿಲ್ಲಿಸಿದರೆ ತೊಂದರೆಯೇ ಇಲ್ಲವಾಗುತ್ತಿತ್ತು. ಹಳೆಯ ರಾಸ್ಪ್‌ಬೆರಿ ಪೈ ಬೋರ್ಡುಗಳ ನೆಟ್‌ವರ್ಕ್ ಚಿಪ್ ಕೂಡ ಯುಎಸ್‌ಬಿ ಮೇಲೆಯೇ ಕೂತಿತ್ತು. ಅದರ ಡ್ರೈವರಿನಲ್ಲಿ 45 ಬೈಟ್ ಮೀರದ ಪುಟ್ಟ ಪ್ಯಾಕೆಟ್ಟುಗಳ ಮೊತ್ತವನ್ನು ಚಿಪ್ಪಿಗೆ ಬಿಡದೆ ಕಂಪ್ಯೂಟರೇ ಹಾಕುತ್ತದೆ, ಚಿಪ್ಪು ಅಲ್ಲಿ ತಪ್ಪುತ್ತದೆ ಎಂಬ ಟಿಪ್ಪಣಿಯೂ ಇದೆ.

ದೊಡ್ಡವರ ಮನೆಯಲ್ಲೂ ಇದೇ ಕಥೆ. ಕಂಟೇನರುಗಳನ್ನು ಜೋಡಿಸುವ ಲಿನಕ್ಸಿನ ಒಂದು ತುಣುಕು, ಮೊತ್ತ ತಪ್ಪಿದ ಪ್ಯಾಕೆಟ್ಟುಗಳ ಮೇಲೂ ‘ನೋಡಿಯಾಗಿದೆ’ ಎಂದು ಮುದ್ರೆ ಒತ್ತುತ್ತಿತ್ತು. ಟ್ವಿಟರ್‌ನ ಎಂಜಿನಿಯರುಗಳು ಹಿಡಿದ ಆ ದೋಷದ ಸುದ್ದಿ 2016ರಲ್ಲಿ ಹೊರಬಂತು. ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂತಿಯ ಮಟ್ಟದ ತಪಾಸಣೆ ದಾಟಿ ಬಂದ ಮೇಲೂ 1,100 ಪ್ಯಾಕೆಟ್ಟುಗಳಲ್ಲಿ ಒಂದರಿಂದ 32,000ದಲ್ಲಿ ಒಂದರವರೆಗೆ ಚೆಕ್‌ಸಮ್ ತಪ್ಪಿದ್ದವು. ತಂತಿಯಲ್ಲಿ ಅಷ್ಟು ಕೆಡುವುದು ಸಾಧ್ಯವಿರಲಿಲ್ಲ. ಕೆಡುತ್ತಿದ್ದದ್ದು ದಾರಿಯ ಯಂತ್ರಗಳ ಹೊಟ್ಟೆಯೊಳಗೆ.

ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ಒಂದು ಲೇಖನ ಇದನ್ನೇ ವಾದವಾಗಿ ಬೆಳೆಸಿತು. ದಾರಿಯ ಪ್ರತಿ ತುಂಡಿಗೂ ತಪಾಸಣೆ ಇದ್ದರೂ ಸಾಲದು, ಎರಡು ತುದಿಯವರೂ ಕೊನೆಗೊಮ್ಮೆ ತಾವೇ ನೋಡಿಕೊಳ್ಳಬೇಕು ಎಂದು. ಎಂಐಟಿಯಲ್ಲಿ ನಡೆದದ್ದನ್ನು ಅವರು ಉದಾಹರಿಸಿದ್ದಾರೆ. ನಡುವಿನ ಒಂದು ಯಂತ್ರ ಸುಮಾರು ಹತ್ತು ಲಕ್ಷ ಬೈಟುಗಳಿಗೊಮ್ಮೆ ಒಂದು ಜೋಡಿ ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ತಂತಿಯ ತಪಾಸಣೆಯನ್ನು ನಂಬಿ ಕೂತವರ ಪ್ರೋಗ್ರಾಮುಗಳು ಸ್ವಲ್ಪ ಸ್ವಲ್ಪವೇ ಹಾಳಾದವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಕಣ್ಣಿನಿಂದ ಹೋಲಿಸಿ ತಿದ್ದಬೇಕಾಯಿತು. ಗ್ರಂಥಸಂಪಾದಕರ ಕೆಲಸವನ್ನು ಕಂಪ್ಯೂಟರಿನವರೂ ಮಾಡಿದರು.

ಕಾಚಿಗುಡದಲ್ಲಿಯೂ ಅದೇ ಆಯಿತು. ಆಫ್‌ಲೋಡಿಂಗ್ ಆರಿಸಿದರೆ ಸಾಕಲ್ಲ ಎಂದು ಮಾಲಕರು ಕೇಳಿದಾಗ ಹುಡುಗ ಒಪ್ಪಲಿಲ್ಲ. ಹದಿನಾರು ಬಿಟ್ಟಿನ ಮೊತ್ತಕ್ಕೆ ಇರುವುದು 65,536 ಸಾಧ್ಯತೆಗಳಷ್ಟೆ. ಮನಬಂದಂತೆ ಕೆಟ್ಟ ಪ್ಯಾಕೆಟ್ಟುಗಳು ಸಾಕಷ್ಟು ಬಂದರೆ ಎಲ್ಲೋ ಒಂದು ಆಕಸ್ಮಿಕವಾಗಿ ಕೂಡಿಬಿಡುತ್ತದೆ. ಜೊತೆಗೆ ಕೆಟ್ಟದ್ದನ್ನೆಲ್ಲ ಮತ್ತೆ ತರಿಸುವುದರಿಂದ ನಕಲು ನಿಧಾನವೂ ಆಗಿತ್ತು. ‘ಇದು ಪಟ್ಟಿ ಕಟ್ಟಿದ್ದು ಸಾಹೇಬ್ರ, ಔಷಧ ಅಲ್ಲ’ ಎಂದು ಅಡಾಪ್ಟರನ್ನು ಜೇಬಿಗೆ ಹಾಕಿಕೊಂಡ. ಸಿಟಿಸಿಗೆ ಹೋಗಿ ಬೇರೆಯದು ತಂದ, ಅದನ್ನೂ ಹಾಗೆಯೇ ಐದು ನಕಲು ಮಾಡಿ ಪರೀಕ್ಷಿಸಿದ. ಫೈರ್‌ವಾಲ್ ಇದ್ದಲ್ಲೇ ಉಳಿಯಿತು.

ಆಮೇಲೆ ಆಕೆಯೂ ತಿದ್ದುವ ಹಿರಿಯರೂ ಎದುರುಬದುರು ಕೂತು ಮೂರು ತಿಂಗಳ ಗುರುತುಗಳನ್ನು ಮೂಲ ಫೈಲಿನ ಜೊತೆ ಒಂದೊಂದಾಗಿ ಹೋಲಿಸಿದರು. ಎಲ್ಲ ತಪ್ಪೂ ಅಡಾಪ್ಟರಿನದಾಗಿರಲಿಲ್ಲ. ಕೆಲವು ಒತ್ತಕ್ಷರ, ಎರಡು ಬಿಟ್ಟುಹೋದ ಸಾಲು ಆಕೆಯವೇ; ಅವನ್ನು ಆಕೆ ತಕರಾರಿಲ್ಲದೆ ಒಪ್ಪಿಕೊಂಡರು. ‘ಬೆಳೆ’ಯೂ ಆಕೆಯದಲ್ಲ ಎಂದು ಆ ದಿನ ಖಚಿತವಾಯಿತು, ಮೂಲದಲ್ಲಿ ‘ಬೆಲೆ’ ಇತ್ತಲ್ಲ. ಅಂಕಿಗಳ ತಪ್ಪಂತೂ ಒಂದೂ ಆಕೆಯದಾಗಿರಲಿಲ್ಲ. ಅಷ್ಟರ ಕಡಿತವನ್ನು ಮಾಲಕರು ಮುಂದಿನ ಸಂಬಳದ ಜೊತೆ ವಾಪಸ್ಸು ಕೊಟ್ಟರು. ಮುದ್ರಣಕ್ಕೆ ಹೋಗಿಬಿಟ್ಟಿದ್ದ ಒಂದು ದರಪಟ್ಟಿಗೆ ತಿದ್ದುಪಡಿ ಚೀಟಿ ಅಚ್ಚು ಹಾಕಿಸಬೇಕಾಯಿತು.

ಈಗ ಅಲ್ಲಿ ಒಂದು ನೋಟ್‌ಬುಕ್ ಇದೆ. ಕೆಲಸ ಮುಗಿದ ಮೇಲೆ ಆಕೆ ಫೈಲಿನ ಶಾ-256 ಮೊತ್ತದ ಕೊನೆಯ ಎಂಟು ಅಕ್ಷರಗಳನ್ನು ಅದರಲ್ಲಿ ಬರೆಯುತ್ತಾರೆ. ಹಿರಿಯರು ಫೈಲು ತೆರೆಯುವ ಮೊದಲು ತಮ್ಮ ಕಡೆಯ ಮೊತ್ತ ತೆಗೆದು, ಆಕೆಯ ಬರಹದ ಪಕ್ಕದಲ್ಲಿ ಟಿಕ್ ಹಾಕುತ್ತಾರೆ. ಟಿಕ್ ಬೀಳದ ಫೈಲಿನಲ್ಲಿ ಯಾರ ತಪ್ಪನ್ನೂ ಹುಡುಕುವುದಿಲ್ಲ, ಮೊದಲು ಮತ್ತೊಮ್ಮೆ ನಕಲು ಮಾಡುತ್ತಾರೆ.